ಕೊನೆಯ ಹತ್ತು ನಿಮಿಷ ಯಾರ ಪಾಲು?

ಕಳೆದ ಭಾನುವಾರ ಬೆಳಿಗ್ಗೆ ಗಿರಣಿಯ ಸ್ಪಿನ್ನಿಂಗ್ ಖಾತೆಯ ಗೆಳೆಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ವಾರದ ರಜೆಯ ದಿನ ಎಂಟನೆಯ ತರಗತಿಯ ಮಗನನ್ನು ಕರೆದುಕೊಂಡು ದೊಡ್ಡ ಊರಿಗೆ ಹೋಗಿ ಫುಟ್‌ಬಾಲ್ ಪಂದ್ಯ ನೋಡಿ ಬಂದಿದ್ದರು. ಆಟ ಹೇಗಿತ್ತು ಎಂದು ಕೇಳಿದೆವು. "ನಾವು ನೋಡಿದಷ್ಟು ಚೆನ್ನಾಗಿತ್ತು ಮೇಷ್ಟ್ರೇ. ಕೊನೆ ಏನಾಯಿತೆಂದು ನೀವು ಪತ್ರಿಕೆಯವರು ಹೇಳಬೇಕು" ಎಂದು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ನಡೆದದ್ದು ಇಷ್ಟು. ಆಟ ಆರಂಭವಾದದ್ದು ಸಂಜೆ ಏಳೂವರೆಗೆ. ಮುಗಿಯುವಾಗ ಒಂಬತ್ತೂವರೆ ಸಮೀಪಿಸುತ್ತದೆ. ನಮ್ಮ ಊರಿಗೆ ಬರುವ ರಾತ್ರಿಯ ಗಾಡಿ ಹತ್ತು ಗಂಟೆ ಚಿಲ್ಲರೆಗೆ. ಗಾಡಿ ತಪ್ಪಿದರೆ ಬೆಳಗಿನ ಪಾಳಿ ತಪ್ಪಿತು. ಪಾಳಿ ತಪ್ಪಿದರೆ ಒಂದು ದಿನದ ಸಂಬಳ ಹೋಯಿತು. ಆದ್ದರಿಂದ ಆಟಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ತಂದೆ ಮಗನ ಕೈ ಹಿಡಿದು ಎಬ್ಬಿಸಿದರು. ಹೊರಗೆ ಬಂದು ಬಸ್ಸಿನ ಕಂಬದ ಕೆಳಗೆ ನಿಂತರು. ಅಷ್ಟರಲ್ಲಿ ಒಳಗಿನಿಂದ ಸಾವಿರಾರು ಜನರ ಕೂಗು ಒಮ್ಮೆಗೇ ಎದ್ದಿತು. ಗೋಲಾಗಿದೆ. ಹೊಡೆದವರು ಯಾರು? "ಅಪ್ಪಾ, ನಮ್ಮವರೇ ಹೊಡೆದಿದ್ದಾ?" ಎಂದು ಹುಡುಗ ಕೇಳಿದನಂತೆ. ತಂದೆಗೆ ಉತ್ತರ ಗೊತ್ತಿರಲಿಲ್ಲ. ಬಸ್ಸೂ ಬರಲಿಲ್ಲ. ಕೊನೆಗೆ ಆಟೋ ಹಿಡಿದು ಓಡಿದರು. ಅದಕ್ಕೆ ಕೊಟ್ಟ ಹಣ ಇಬ್ಬರ ಆಟದ ಟಿಕೆಟ್ಟಿನ ಹಣಕ್ಕಿಂತ ಹೆಚ್ಚಾಯಿತು. ಗಾಡಿಯಲ್ಲಿ ಕುಳಿತ ಮೇಲೆ ಎದುರಿನ ಪ್ರಯಾಣಿಕರೊಬ್ಬರ ಫೋನಿನಲ್ಲಿ ಹುಡುಗ ಆ ಗೋಲನ್ನು ಕಂಡ. ಯಾವ ಗೋಲಿಗಾಗಿ ಹಣ ಕೊಟ್ಟು ಒಳಗೆ ಕುಳಿತಿದ್ದನೋ ಅದನ್ನೇ ಇನ್ನೊಬ್ಬರ ಅಂಗೈಯಲ್ಲಿ ನೋಡಬೇಕಾಯಿತು.

ಆಟೋದವರನ್ನು ನಾವು ದೂರುವುದಿಲ್ಲ. ರಾತ್ರಿಯ ಹೊತ್ತು ದೂರ ಹೋಗಿ ಬರಿಗೈಯಲ್ಲಿ ಹಿಂತಿರುಗಬೇಕಾದ ಅವರೂ ದುಡಿದು ತಿನ್ನುವವರೇ. ನಾವು ಕೇಳುವ ಪ್ರಶ್ನೆ ಬೇರೆ. ಒಳಗೆ ಕೂತ ಇಪ್ಪತ್ತು ಸಾವಿರ ಜನರಲ್ಲಿ ಕಾರಿನವನು ಕೊನೆಯ ಸೀಟಿಯವರೆಗೆ ಕೂರುತ್ತಾನೆ, ಬಸ್ಸಿನವನು ಮೊದಲೇ ಏಳುತ್ತಾನೆ. ಇಬ್ಬರೂ ಕೊಟ್ಟ ಹಣ ಒಂದೇ. ಹಾಗಾದರೆ ಬಡವನಿಂದ ಕಿತ್ತುಕೊಂಡ ಆ ಹತ್ತು ನಿಮಿಷ ಯಾರ ಲೆಕ್ಕಕ್ಕೆ ಸೇರಿತು?

ಗಿರಣಿಯಲ್ಲಿ ಬೋನಸ್ಸಿನ ಪ್ರಶ್ನೆಯಿದೆ, ಅಂಗಡಿಗಳಿಗೆ ಬಾಡಿಗೆಯ ಪ್ರಶ್ನೆಯಿದೆ. ಇವುಗಳ ನಡುವೆ ಫುಟ್‌ಬಾಲಿಗೆ ಸಂಪಾದಕೀಯವೇ ಎಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ನಮ್ಮ ಉತ್ತರವಿದೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ರೆ, ಎಂಟು ಗಂಟೆ ನಮ್ಮದು ಎಂದು ಕಾರ್ಮಿಕರು ಹೋರಾಡಿದರಷ್ಟೆ. ಆ ಮೂರನೆಯ ಎಂಟು ಗಂಟೆಯಲ್ಲಿ ಹಾಡು, ಓದು, ಆಟ, ಮಕ್ಕಳ ಜೊತೆ ಕಳೆಯುವ ಸಂಜೆ ಎಲ್ಲವೂ ಇವೆ. ದುಡಿಯುವವನು ದುಡಿದು ಮಲಗಿದರೆ ಸಾಕು ಎಂಬುದು ಧಣಿಗಳ ವಾದ. ಅದನ್ನು ನಾವೂ ಒಪ್ಪಿಕೊಂಡರೆ ಹೋರಾಡಿ ಪಡೆದದ್ದನ್ನು ಕೈಯಾರೆ ಹಿಂದಕ್ಕೆ ಕೊಟ್ಟಂತೆ.

ಅಲ್ಲದೆ ಈ ಆಟ ಇಂದಿನ ರೂಪಕ್ಕೆ ಬಂದುದರಲ್ಲಿ ಗಿರಣಿ ಕಾರ್ಮಿಕರ ಕೈ ದೊಡ್ಡದು. ಇಂಗ್ಲೆಂಡಿನಲ್ಲಿ 1850ರ ಕಾರ್ಖಾನೆ ಕಾಯಿದೆ, ಬಟ್ಟೆ ಗಿರಣಿಗಳಲ್ಲಿ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ 2 ಗಂಟೆಯ ಮೇಲೆ ದುಡಿಯಕೂಡದೆಂದು ವಿಧಿಸಿತು. ಅವರಿಲ್ಲದೆ ಯಂತ್ರ ನಡೆಯದಾದ್ದರಿಂದ ಗಂಡಸರಿಗೂ ಬಿಡುವು ದೊರೆಯಿತು. ಎರಡಕ್ಕೆ ಗಿರಣಿಯ ಶಿಳ್ಳೆ, ಮೂರಕ್ಕೆ ಆಟದ ಸೀಟಿ. ಅಲ್ಲಿನ ಫುಟ್‌ಬಾಲಿಗೆ ಶನಿವಾರ ಮೂರು ಗಂಟೆ ಎಂಬ ವೇಳೆ ಹುಟ್ಟಿದ್ದೇ ಹೀಗೆ. ಆಟದ ಹೊತ್ತನ್ನು ಕಾರ್ಮಿಕನ ಹೊತ್ತು ನೋಡಿ ಇಟ್ಟರು. 1883ರಲ್ಲಿ ಲ್ಯಾಂಕಾಷೈರಿನ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಲಂಡನ್ನಿಗೆ ಹೋಗಿ, ಈಟನ್ ಎಂಬ ಧನಿಕರ ಶಾಲೆಯ ಹಳೆಯ ವಿದ್ಯಾರ್ಥಿಗಳ ತಂಡವನ್ನು 2-1ರಿಂದ ಸೋಲಿಸಿ ಎಫ್.ಎ. ಕಪ್ಪನ್ನು ಉತ್ತರಕ್ಕೆ ತಂದಿತು. ಗೆದ್ದವರಲ್ಲಿ ನೇಯುವವರಿದ್ದರು, ನೂಲುವವರಿದ್ದರು. ರೈಲ್ವೆ ಕಂಪನಿಗಳು ಪಂದ್ಯದ ದಿನ ಅಗ್ಗದ ದರದ ವಿಶೇಷ ಗಾಡಿಗಳನ್ನು ಬಿಡತೊಡಗಿದುವು. ಧರ್ಮಕ್ಕೆ ಬಿಡಲಿಲ್ಲ, ಸಾವಿರ ಕಾರ್ಮಿಕರ ಚಿಲ್ಲರೆ ಕಾಸು ಸೇರಿದರೆ ದೊಡ್ಡ ಗಂಟಾಗುತ್ತದೆಂದು ತಿಳಿದು ಬಿಟ್ಟರು.

ಜನ ಬರುವ ದಾರಿ ಯಾವುದೋ ಅಲ್ಲಿ ಆಟದ ಬಯಲಿರಬೇಕೆಂಬುದನ್ನು ಲಂಡನ್ನಿನವರು ಆಗಲೇ ಕಂಡುಕೊಂಡಿದ್ದರು. ಆರ್ಸೆನಲ್ ತಂಡ ಮೊದಲು ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರದು. ಊರಿನ ಒಂದು ಮೂಲೆಯಲ್ಲಿದ್ದ ಅದರ ಬಯಲಿಗೆ ಹೋಗಿ ಬರುವುದು ಕಷ್ಟವಾಗಿತ್ತು, ಪ್ರೇಕ್ಷಕರು ಕಡಿಮೆ. 1913ರಲ್ಲಿ ಆ ತಂಡ ಸುರಂಗ ರೈಲಿನ ಗಿಲೆಸ್ಪಿ ರೋಡ್ ನಿಲ್ದಾಣದ ಪಕ್ಕಕ್ಕೇ ಬಂದು ನೆಲೆಸಿತು. 1932ರಲ್ಲಿ ನಿಲ್ದಾಣಕ್ಕೇ ತಂಡದ ಹೆಸರಾಯಿತು. ನಿಲ್ದಾಣವಿದ್ದ ಕಡೆ ತಂಡ ಹೋಯಿತು, ತಂಡವಿದ್ದ ಕಡೆ ಜನ ಬಂದರು.

ಪರದೇಶದ ಮಾತೇಕೆ, ನಮ್ಮ ಕಲ್ಕತ್ತೆಯನ್ನೇ ನೋಡೋಣ. 1911ರ ಜುಲೈ 29, ಶನಿವಾರ. ಐ.ಎಫ್.ಎ. ಷೀಲ್ಡಿನ ಕೊನೆಯ ಪಂದ್ಯದಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬಿಳಿಯ ಸಿಪಾಯಿಗಳನ್ನು 2-1ರಿಂದ ಸೋಲಿಸಿತು. ಹನ್ನೊಂದು ಜನರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರೂ ಬರಿಗಾಲಿನಲ್ಲಿ ಆಡಿದವರು. ಈ ಕಥೆ ಎಲ್ಲರಿಗೂ ಗೊತ್ತು. ಅದನ್ನು ನೋಡಲು ಜನ ಹೇಗೆ ಬಂದರೆಂಬುದನ್ನು ಹೇಳುವವರು ಕಡಿಮೆ. ಈಸ್ಟ್ ಇಂಡಿಯನ್ ರೈಲ್ವೆಯವರು ಬರ್ದ್ವಾನಿನಿಂದ ವಿಶೇಷ ಗಾಡಿ ಬಿಟ್ಟರು. ಹೂಗ್ಲಿ ನದಿಯಲ್ಲಿ ಹೆಚ್ಚಿನ ಸ್ಟೀಮರುಗಳು ಓಡಿದುವು. ಮೈದಾನಕ್ಕೆ ಬಂದವರಲ್ಲಿ ಬಹುಮಂದಿಗೆ ಆಟ ಕಾಣಿಸಲೇ ಇಲ್ಲ. ದೂರ ನಿಂತವರಿಗೆ ತಿಳಿಯಲೆಂದು ಗಾಳಿಪಟ ಹಾರಿಸಿ ಗೋಲಿನ ಲೆಕ್ಕ ತೋರಿಸಿದರು. ಆಳುವವನು ಪರಕೀಯ, ಗೆದ್ದರೆ ಅವನಿಗೇ ಮುಖಭಂಗ. ಹಾಗಿದ್ದೂ ನೋಡಹೋದವರಿಗೆ ವಿಶೇಷ ಗಾಡಿ ಸಿಕ್ಕಿತು. ಇಂದು ಸರ್ಕಾರ ನಮ್ಮದು, ರೈಲು ನಮ್ಮದು, ತಂಡವೂ ನಮ್ಮದು. ಮನೆಗೆ ಹೋಗುವ ಗಾಡಿ ಮಾತ್ರ ನಮ್ಮದಲ್ಲ!

ಕಲ್ಕತ್ತೆಯ ಮೈದಾನ ಊರಿನ ಎದೆಯಲ್ಲಿದೆ. ಹೂಗ್ಲಿಯ ಎರಡು ದಂಡೆಗಳ ಸೆಣಬಿನ ಗಿರಣಿಗಳಿಂದ ಹೊರಟವನು ಹೌರಾದಲ್ಲೋ ಸಿಯಾಲ್ದಾದಲ್ಲೋ ಇಳಿದು, ಟ್ರಾಮು ಹತ್ತಿಯೋ ಕಾಲ್ನಡಿಗೆಯಲ್ಲೋ ಅಲ್ಲಿಗೆ ಸೇರುತ್ತಿದ್ದ. 1984ರಲ್ಲಿ ಊರಿನ ಪೂರ್ವದ ಅಂಚಿನ ಸಾಲ್ಟ್ ಲೇಕಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಹಿಡಿಯುವ ಕ್ರೀಡಾಂಗಣ ಎದ್ದಿತು. 1997ರ ಜುಲೈ 13ರಂದು ಅಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ನಡುವಣ ಫೆಡರೇಷನ್ ಕಪ್ ಪಂದ್ಯಕ್ಕೆ ಸೇರಿದವರು 1,31,781 ಮಂದಿ. ನಮ್ಮಲ್ಲಿನ ಎಷ್ಟೋ ತಾಲೂಕುಗಳ ಜನಸಂಖ್ಯೆ ಅದು. ಅವರಿಗೆ ಕ್ರೀಡಾಂಗಣದ ಬಾಗಿಲಿನವರೆಗೆ ಬರುವ ರೈಲು ಇರಲಿಲ್ಲ. ಬಸ್ಸಿನಲ್ಲಿ ಜೋತುಬಿದ್ದರು, ಲಾರಿ ಹತ್ತಿದರು, ಉಳಿದವರು ನಡೆದರು.

ಸಾಲ್ಟ್ ಲೇಕ್ ಕ್ರೀಡಾಂಗಣದ ಬಳಿಗೆ ಮೆಟ್ರೋ ಬಂದದ್ದು 2020ರ ಫೆಬ್ರವರಿಯಲ್ಲಿ. ಕ್ರೀಡಾಂಗಣ ಕಟ್ಟಿ 36 ವರ್ಷಗಳ ಮೇಲೆ. ಆಗಲೂ ಅದು ಊರಿನ ಪೂರ್ವಭಾಗದಲ್ಲೇ ಓಡಾಡುವ ತುಂಡು ಮಾರ್ಗ. 2022ರ ಜುಲೈನಲ್ಲಿ ಸಿಯಾಲ್ದಾಕ್ಕೆ ಕೂಡಿಕೊಂಡಿತು. 2024ರ ಮಾರ್ಚಿನಲ್ಲಿ ನದಿಯ ತಳದ ಸುರಂಗದಲ್ಲಿ ಗಾಡಿ ಓಡಿತು. 2025ರ ಆಗಸ್ಟ್ 22ರಂದು ನಡುವಿನ ಕೊಂಡಿ ಬೆಸೆದು, ಹೌರಾದಲ್ಲಿ ಹತ್ತಿದವನು ಒಂದೇ ಗಾಡಿಯಲ್ಲಿ ಕ್ರೀಡಾಂಗಣದ ಬಳಿ ಇಳಿಯುವಂತಾಯಿತು. ಮೇಷ್ಟರ ಲೆಕ್ಕ ಬಿಡದು: 1984ರಿಂದ 2025ಕ್ಕೆ 41 ವರ್ಷ. ಮೊದಲ ಪಂದ್ಯಕ್ಕೆ ತಂದೆಯ ಹೆಗಲೇರಿ ಹೋದ ಮಗು ಈಗ ಅಜ್ಜನಾಗುವ ವಯಸ್ಸಿಗೆ ಸಮೀಪಿಸಿದೆ.

ಹಾಗೆಂದು ಎಲ್ಲ ಕಡೆ ಇಷ್ಟು ತಡವಾಗಬೇಕೆಂದಿಲ್ಲ. ನೆರೆಯ ಕೊಚ್ಚಿಯಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನ ಪಂದ್ಯಗಳು 2017ರ ಅಕ್ಟೋಬರಿನಲ್ಲಿ ನಡೆದುವು. ಟೂರ್ನಿ ತೊಡಗಿದ್ದು ಅಕ್ಟೋಬರ್ 6ರಂದು. ಕಲೂರಿನ ಕ್ರೀಡಾಂಗಣದ ಮುಂದಿನ ಮೆಟ್ರೋ ನಿಲ್ದಾಣ ತೆರೆದದ್ದು ಅಕ್ಟೋಬರ್ 3ರಂದು. ಮೂರೇ ದಿನ ಮುಂಚೆಯಾದರೂ ಮುಂಚೆಯೇ! ಮನಸ್ಸಿದ್ದರೆ ಆಗುತ್ತದೆ.

ಬೆಂಗಳೂರಿನ ಮಾತಿಗೆ ಬಂದರೆ, ಊರಿನ ನಡುವೆ ಇರುವ ಶ್ರೀ ಕಂಠೀರವ ಕ್ರೀಡಾಂಗಣ ಒಂದು ಭಾಗ್ಯ. ಬೆಂಗಳೂರು ಎಫ್.ಸಿ. 2014ರಲ್ಲಿ ಅಲ್ಲಿಗೆ ಬಂದು ನೆಲೆಸಿತು. 2016ರ ಏಪ್ರಿಲ್ ಕೊನೆಯಲ್ಲಿ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣ ತೆರೆದ ಮೇಲೆ ನಡೆದು ಹೋಗುವಷ್ಟು ದೂರದಲ್ಲಿ ರೈಲೂ ಸಿಕ್ಕಿತು. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಅತಿ ಹೆಚ್ಚಿನ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿದರು. ಊರಿನ ಅಂಚಿನಲ್ಲಿರುವ ಕಾರ್ಮಿಕ, ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಹೋಗಿ ಬರುವ ಲೆಕ್ಕವನ್ನು ಓದುಗರೇ ಹಾಕಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಸರಿಯಾಗಿ ಹೊಂದುತ್ತದೆ.

ದೊಡ್ಡ ಊರುಗಳು ಬೆಳೆದಂತೆ ಕ್ರೀಡಾಂಗಣಗಳು ಹೊರಕ್ಕೆ ಸರಿಯುತ್ತವೆ. ಬೆಂಗಳೂರಿನ ಹೊರವಲಯದ ಸೂರ್ಯನಗರದಲ್ಲಿ 80,000 ಜನ ಹಿಡಿಯುವ ಕ್ರಿಕೆಟ್ ಕ್ರೀಡಾಂಗಣದ ಯೋಜನೆಗೆ ಸರ್ಕಾರ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು. ಬೊಮ್ಮಸಂದ್ರದಿಂದ ಕ್ರೀಡಾಂಗಣದ ಬಾಗಿಲಿಗೆ ಏನು ಎಂಬುದು ನಮ್ಮ ಪ್ರಶ್ನೆ. ಆಟ ಕ್ರಿಕೆಟ್ಟಾಗಲಿ ಫುಟ್‌ಬಾಲಾಗಲಿ, ನಕ್ಷೆ ಬರೆಯುವವರು ಕಾರು ನಿಲ್ಲಿಸುವ ಜಾಗವನ್ನು ಮೊದಲು ಗುರುತಿಸುತ್ತಾರೆ. ಬಸ್ಸು ನಿಲ್ಲುವ ಜಾಗ ಕೊನೆಗೆ ಉಳಿದರೆ ಉಳಿಯಿತು. ಕಲ್ಕತ್ತೆಯ 41 ವರ್ಷ ಇಲ್ಲಿ ಮರುಕಳಿಸಬಾರದು.

ಗಾಡಿ ಇದ್ದರೆ ಸಾಲದು, ಹೊತ್ತಿಗೆ ಇರಬೇಕು. ಮಧ್ಯಾಹ್ನವೋ ಇಳಿಹೊತ್ತಿನಲ್ಲೋ ನಡೆಯುತ್ತಿದ್ದ ಆಟವನ್ನು ರಾತ್ರಿಗೆ ತಳ್ಳಿದವರು ಯಾರು? ದೂರದರ್ಶನದ ಕಂಪನಿಗಳು. ಜನ ಊಟ ಮುಗಿಸಿ ಮನೆಯಲ್ಲಿ ಕುಳಿತಿರುವ ಹೊತ್ತಿಗೆ ಜಾಹೀರಾತಿನ ಬೆಲೆ ಹೆಚ್ಚು. ಆ ಬೆಲೆಗಾಗಿ ಏಳೂವರೆಯ ಆಟ. ಕ್ರೀಡಾಂಗಣದಲ್ಲಿ ಕುಳಿತು ಕೂಗುವ ಜನರಿಲ್ಲದಿದ್ದರೆ ಆ ಚಿತ್ರಕ್ಕೆ ಕಳೆಯಿಲ್ಲ, ಕಳೆಯಿಲ್ಲದ ಚಿತ್ರಕ್ಕೆ ಬೆಲೆಯಿಲ್ಲ. ಕಳೆ ಕೊಡುವವರು ನಾವು, ಬೆಲೆ ಎಣಿಸುವವರು ಅವರು.

ನಮ್ಮ ಹಳ್ಳಿಯ ಹಿರಿಯರು ಇವರಿಗಿಂತ ಬುದ್ಧಿವಂತರು. ಬಯಲಾಟವನ್ನು ರಾತ್ರಿಯ ಊಟದ ಮೇಲೆ ಆರಂಭಿಸಿ ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತಿದ್ದರು. ಸುತ್ತಲ ಹತ್ತು ಹಳ್ಳಿಗಳಿಂದ ಹೆಂಗಸರು ಮಕ್ಕಳೊಂದಿಗೆ ಬಂದವರಿಗೆ ಹಿಂತಿರುಗುವಾಗ ದಾರಿ ಕಾಣುತ್ತಿತ್ತು. ಹಾವು ಹುಳದ ಭಯವಿಲ್ಲ, ಕಳ್ಳರ ಭಯವಿಲ್ಲ. ಆಟ ನೋಡಲು ಬಂದವನು ಮನೆ ಸೇರಬೇಕೆಂಬ ಚಿಂತೆ ಆಟ ಆಡಿಸುವವನಿಗೂ ಇತ್ತು. ಇಂದಿನ ಕಂಪನಿಗಳಿಗೆ ಆ ಚಿಂತೆ ಟಿಕೆಟ್ಟು ಹರಿದಲ್ಲಿಗೆ ಮುಗಿಯುತ್ತದೆ.

ಆಟ ಹುಟ್ಟಿದ ನಾಡಿನಲ್ಲೇ ಈಗ ಈ ಅವ್ಯವಸ್ಥೆ ಹೊಕ್ಕಿದೆ. 2022ರ ಏಪ್ರಿಲ್ 16ರಂದು ಲಂಡನ್ನಿನ ವೆಂಬ್ಲಿಯಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಸಿಟಿ ತಂಡಗಳ ನಡುವೆ ಎಫ್.ಎ. ಕಪ್ ಸೆಮಿಫೈನಲ್. ಎರಡೂ ಉತ್ತರದ ಊರುಗಳು. ಅದೇ ಈಸ್ಟರ್ ರಜೆಯಲ್ಲಿ ಹಳಿ ದುರಸ್ತಿಯ ಕಾರಣ ಈ ಎರಡೂ ಊರುಗಳಿಂದ ಲಂಡನ್ನಿಗೆ ನೇರ ರೈಲು ಇಲ್ಲ! ಅಭಿಮಾನಿಗಳ ಸಂಘಗಳು ಗಲಾಟೆ ಮಾಡಿದ ಮೇಲೆ ಫುಟ್‌ಬಾಲ್ ಸಂಸ್ಥೆ 100 ಉಚಿತ ಬಸ್ಸುಗಳನ್ನು, ಸುಮಾರು 5,000 ಜನರಿಗೆ ಆಗುವಷ್ಟು, ಏರ್ಪಡಿಸಿತು. ಕೇಳಿದ್ದರಿಂದ ಅಷ್ಟಾದರೂ ಸಿಕ್ಕಿತು. ಕೇಳದವರಿಗೆ ಅದೂ ಇಲ್ಲ. ಇದನ್ನು ನಮ್ಮವರು ಗಮನದಲ್ಲಿಡಬೇಕು.

ಇನ್ನು ಪ್ರಾಣದ ಮಾತು. ಸ್ಕಾಟ್ಲೆಂಡಿನ ಗ್ಲಾಸ್ಗೊ ಹಡಗು ಕಟ್ಟುವ ಕಾರ್ಮಿಕರ ಊರು. 1971ರ ಜನವರಿ 2ರಂದು ಅಲ್ಲಿನ ಐಬ್ರಾಕ್ಸ್ ಮೈದಾನದಲ್ಲಿ ರೇಂಜರ್ಸ್ ಮತ್ತು ಸೆಲ್ಟಿಕ್ ತಂಡಗಳ ಪಂದ್ಯ ಮುಗಿದು ಜನ ಹೊರಡುತ್ತಿದ್ದರು. ಹದಿಮೂರನೆಯ ಮೆಟ್ಟಿಲಸಾಲಿನಲ್ಲಿ ಯಾರೋ ಮುಗ್ಗರಿಸಿದರು. ಹಿಂದಿನವರು ಮೇಲೆ ಬಿದ್ದರು. 66 ಜನ ಉಸಿರುಗಟ್ಟಿ ಸತ್ತರು. ಆ ಮೆಟ್ಟಿಲ ಮೇಲೇ ಏಕೆ ಅಷ್ಟು ನೂಕು? ಸುರಂಗ ರೈಲಿನ ನಿಲ್ದಾಣಕ್ಕೆ ಅದೇ ಹತ್ತಿರದ ದಾರಿ. ಅದೇ ಮೆಟ್ಟಿಲಲ್ಲಿ 1961ರಲ್ಲೇ ಇಬ್ಬರು ಸತ್ತಿದ್ದರು. ಎಚ್ಚರಿಕೆ ಸಿಕ್ಕಿ ಹತ್ತು ವರ್ಷವಾಗಿತ್ತು. ಕ್ರೀಡಾಂಗಣಗಳ ಸುರಕ್ಷತೆಗೆ ಆ ದೇಶ ಕಾಯಿದೆ ಮಾಡಿದ್ದು 1975ರಲ್ಲಿ. ಸತ್ತವರು ಆಟದ ಹುಚ್ಚಿನಿಂದ ಸತ್ತರೆನ್ನುವುದು ತಪ್ಪು. ಮನೆಗೆ ಹೊರಟಿದ್ದರು, ಸತ್ತರು.

ನಮ್ಮಲ್ಲೂ ಈ ಗಾಯ ಹಸಿಯಾಗಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಮೆರವಣಿಗೆ ಸಂಭ್ರಮಕ್ಕೆ ಬಂದ ಜನರಲ್ಲಿ 11 ಮಂದಿ ಕಾಲ್ತುಳಿತದಲ್ಲಿ ಸತ್ತರು. ಆ ದಿನ ಮೆಟ್ರೋದಲ್ಲಿ ಓಡಾಡಿದವರು 9 ಲಕ್ಷ 66 ಸಾವಿರಕ್ಕೂ ಮಿಕ್ಕಿ. ಜನ ಉಕ್ಕಿದ ಮೇಲೆ ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ಗಾಡಿ ನಿಲ್ಲಿಸುವುದನ್ನೇ ಬಿಡಬೇಕಾಯಿತು. ತಪ್ಪು ಯಾರದೆಂಬ ವಿಚಾರಣೆ ಬೇರೆ ಮಾತು. ನಾವು ಹೇಳುವುದು ಇಷ್ಟೆ: ಜನ ಯಾವ ದಾರಿಯಲ್ಲಿ ಬರುತ್ತಾರೆ, ಯಾವ ದಾರಿಯಲ್ಲಿ ಹೋಗುತ್ತಾರೆ ಎಂದು ಮೊದಲೇ ಎಣಿಸುವುದು ಆಟದಷ್ಟೇ ಮುಖ್ಯವಾದ ಕೆಲಸ. ಅದು ಉಪಕಾರವಲ್ಲ, ಕರ್ತವ್ಯ.

ಪರಿಹಾರವಿಲ್ಲದೆ ದೂರುವುದು ನಮ್ಮ ಪದ್ಧತಿಯಲ್ಲ. ಪರಿಹಾರ ಜರ್ಮನಿಯಲ್ಲಿದೆ. ಅಲ್ಲಿ ಹಲವು ದೊಡ್ಡ ತಂಡಗಳ ಆಟದ ಟಿಕೆಟ್ಟೇ ಆ ದಿನದ ಬಸ್ಸು, ಟ್ರಾಮು, ಸ್ಥಳೀಯ ರೈಲಿನ ಟಿಕೆಟ್ಟೂ ಹೌದು. ಒಂದು ಕಾಲಕ್ಕೆ ಕಲ್ಲಿದ್ದಲು ಮತ್ತು ಉಕ್ಕಿನ ಊರಾಗಿದ್ದ ಡಾರ್ಟ್‌ಮುಂಡಿನ ಕ್ರೀಡಾಂಗಣ 81,000 ಜನರನ್ನು ಹಿಡಿಯುತ್ತದೆ. ಅದರ ಪಕ್ಕದಲ್ಲೇ ರೈಲು ನಿಲ್ದಾಣವಿದೆ. ತಂಡ ಮತ್ತು ಸಾರಿಗೆ ಸಂಸ್ಥೆ ಮೊದಲೇ ಮಾತಾಡಿಕೊಂಡು, ಪ್ರತಿ ಟಿಕೆಟ್ಟಿನ ಲೆಕ್ಕದಲ್ಲಿ ಸಣ್ಣ ಮೊತ್ತವೊಂದನ್ನು ತಂಡ ಸಾರಿಗೆಗೆ ಕಟ್ಟುತ್ತದೆ. ಎಲ್ಲ ಟಿಕೆಟ್ಟುಗಳ ಮೇಲೂ ಹಂಚಿಹೋಗುವುದರಿಂದ ಯಾರಿಗೂ ಭಾರವಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ನಮ್ಮವರು ಹೇಳಿದ್ದು ಇದನ್ನೇ. ಕಾರಿನಲ್ಲಿ ಬಂದವನೂ ಆ ಕಡ್ಡಿಯನ್ನು ಕೊಟ್ಟಿರುತ್ತಾನೆ; ಆದ್ದರಿಂದ ಮುಂದಿನ ಸಲ ಅವನೂ ಕಾರು ಬಿಟ್ಟು ರೈಲು ಹತ್ತುತ್ತಾನೆ. 2006ರ ವಿಶ್ವಕಪ್ಪಿನಲ್ಲೂ ಇದೇ ಏರ್ಪಾಡು. 2024ರ ಯೂರೋಪಿನ ಕಪ್ಪಿನಲ್ಲಿ ಟಿಕೆಟ್ಟುಳ್ಳವರಿಗೆ 36 ಗಂಟೆ ಸ್ಥಳೀಯ ಪ್ರಯಾಣ ಉಚಿತವಾಗಿತ್ತು. ಅಲ್ಲಿಯೂ ಎಲ್ಲ ಸುಸೂತ್ರವೆಂದಲ್ಲ. ಆ ವರ್ಷದ ಜೂನ್ 16ರ ರಾತ್ರಿ ಗೆಲ್ಸೆನ್‌ಕಿರ್ಷೆನ್ ಊರಿನಲ್ಲಿ ಟ್ರಾಮುಗಳು ಸಾಲದೆ ಸಾವಿರಾರು ಜನ ಬಹಳ ಹೊತ್ತು ಕಾದರು. ಉಚಿತ ಟಿಕೆಟ್ಟಿದ್ದರೂ ಸಾಕಷ್ಟು ಗಾಡಿಗಳಿಲ್ಲದಿದ್ದರೆ ಫಲವಿಲ್ಲವೆಂಬ ಪಾಠ ಅದು.

ಅದೆಲ್ಲ ಶ್ರೀಮಂತ ದೇಶದ ಮಾತು, ನಮ್ಮಲ್ಲಿ ಆಗದು ಎನ್ನುವ ಅಧಿಕಾರಿಗಳಿದ್ದಾರೆ. ಅವರು ಚೆನ್ನೈ ನೋಡಲಿ. ಅಲ್ಲಿ 2024ರಲ್ಲಿ ಐ.ಪಿ.ಎಲ್. ಕ್ರಿಕೆಟ್ಟಿನ ಟಿಕೆಟ್ಟು ತೋರಿಸಿದವರಿಗೆ ನಗರದ ಬಸ್ಸು ಉಚಿತವಾಯಿತು, 2025ರಲ್ಲಿ ಮೆಟ್ರೋ. ಬೆಂಗಳೂರಿನಲ್ಲೇ 2024ರ ಐ.ಪಿ.ಎಲ್. ರಾತ್ರಿಗಳಲ್ಲಿ ಮೆಟ್ರೋದ ಕೊನೆಯ ಗಾಡಿಯನ್ನು ತಡಮಾಡಿ ಬಿಟ್ಟರು. ಹಿಂದಿರುಗಲು 50 ರೂಪಾಯಿಯ ಕಾಗದದ ಟಿಕೆಟ್ಟನ್ನು ಮೊದಲೇ ಮಾರಿದರು. ಕ್ರಿಕೆಟ್ಟಿಗೆ ಆಗುವುದು ಫುಟ್‌ಬಾಲಿಗೆ ಏಕೆ ಆಗದು? ಮೈಸೂರು ದಸರೆಗೆ, ದೊಡ್ಡ ಜಾತ್ರೆಗಳಿಗೆ ನಮ್ಮ ಸಾರಿಗೆಯವರು ವಿಶೇಷ ಬಸ್ಸು ಬಿಡುತ್ತಾರೆ. ರಥ ಎಳೆದು ಮುಗಿಯುವವರೆಗೆ ಕಾಯಿಸುತ್ತಾರೆ. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಓಡಾಡಿದರು. ರಾತ್ರಿ ಹತ್ತು ಗಂಟೆಗೆ ಕ್ರೀಡಾಂಗಣದ ಮುಂದೆ ಬಸ್ಸೇ ಇಲ್ಲದಿದ್ದರೆ ಆ ಸೌಲಭ್ಯ ಅವರಿಗೆ ಅಲ್ಲಿ ಏನು ಪ್ರಯೋಜನ?

ಸಣ್ಣ ವ್ಯಾಪಾರಿಗಳಿಗೆ ಇದರಲ್ಲೇನು ಎಂದು ಕೇಳುವವರಿಗೆ ಒಂದು ಮಾತು. ಕಾರಿನವನು ಮನೆಯಲ್ಲಿ ಹತ್ತಿ ಕ್ರೀಡಾಂಗಣದೊಳಗೆ ಇಳಿಯುತ್ತಾನೆ. ದಾರಿಯ ಅಂಗಡಿಗೆ ಅವನಿಂದ ಹೊಗೆ ಮಾತ್ರ ಲಾಭ. ನಿಲ್ದಾಣದಿಂದ ಬಾಗಿಲಿನವರೆಗೆ ನಡೆದುಹೋಗುವ ಸಾವಿರಾರು ಜನ ಕಡಲೆಕಾಯಿ ಕೊಳ್ಳುತ್ತಾರೆ, ಟೀ ಕುಡಿಯುತ್ತಾರೆ, ಮಗುವಿಗೊಂದು ಬಾವುಟ ಕೊಡಿಸುತ್ತಾರೆ. ಆ ಕಡಲೆಕಾಯಿ ಮಾರುವವಳೂ ಬುಟ್ಟಿ ಖಾಲಿಯಾದ ಮೇಲೆ ಅದೇ ಕೊನೆಯ ಬಸ್ಸಿಗೆ ಓಡಬೇಕಾದವಳು. ಸರಕು ತರಲು ದೊಡ್ಡ ಊರಿಗೆ ಹೋಗುವ ನಮ್ಮ ಅಂಗಡಿಕಾರರೂ ರಾತ್ರಿಯ ಬಸ್ಸಿದ್ದರೆ ಒಂದು ಆಟ ನೋಡಿಕೊಂಡೇ ಬಂದಾರು.

ಬಸ್ಸು ಓಡಿಸುವವನು ನಮ್ಮವನೇ ಎಂಬುದನ್ನೂ ಮರೆಯಬಾರದು. ಹೆಚ್ಚಿನ ಹೊತ್ತು ದುಡಿಸಿದರೆ ಡ್ರೈವರ್ ಕಂಡಕ್ಟರುಗಳಿಗೆ ಇಮ್ಮಡಿ ವೇತನ ಸಲ್ಲಬೇಕು; ರಾತ್ರಿ ಅವರಿಗೂ ಮನೆ ಸೇರುವ ಏರ್ಪಾಡು ಬೇಕು. ಅವರ ನಿದ್ರೆ ಕದ್ದು ನಮ್ಮ ಸಂತೋಷ ನಮಗೆ ಬೇಡ. ನಮ್ಮ ಹುಡುಗರಿಗೂ ಒಂದು ಬುದ್ಧಿಮಾತು ಹೇಳಬೇಕಾಗಿದೆ. ಸೋತ ಸಿಟ್ಟಿಗೆ ಬಸ್ಸಿನ ಗಾಜು ಒಡೆಯುವುದು, ಗೆದ್ದ ಹುರುಪಿಗೆ ಬಸ್ಸಿನ ಮೇಲೆ ಹತ್ತಿ ಕುಣಿಯುವುದು, ಹೆಂಗಸರ ಸೀಟಿನಲ್ಲಿ ಕುಳಿತು ಏಳದಿರುವುದು, ಇವು ಅಭಿಮಾನಿಗಳ ಲಕ್ಷಣವಲ್ಲ. ಒಡೆದ ಗಾಜಿನ ಹಣವನ್ನು ಕಂಪನಿ ಕೊಡುವುದಿಲ್ಲ, ನಾವೇ ಕೊಡುತ್ತೇವೆ. ಮರುದಿನ ಆ ಬಸ್ಸು ದಾರಿಗೆ ಬರದಿದ್ದರೆ ಪಾಳಿಗೆ ತಡವಾಗುವವನೂ ನಮ್ಮ ಅಣ್ಣನೇ, ತಮ್ಮನೇ.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಒಂದು, ದೊಡ್ಡ ಊರುಗಳಲ್ಲಿ ನಡೆಯುವ ಪ್ರತಿ ದೊಡ್ಡ ಪಂದ್ಯದ ಟಿಕೆಟ್ಟೂ ಆ ದಿನದ ನಗರ ಬಸ್ಸಿಗೆ ಮತ್ತು ಮೆಟ್ರೋಗೆ ಹೋಗಿ ಬರಲು ಸಲ್ಲಬೇಕು; ಅದರ ಖರ್ಚನ್ನು ಪಂದ್ಯ ನಡೆಸುವವರೂ ಪ್ರಸಾರದ ಹಣ ಪಡೆಯುವವರೂ ಹೊರಬೇಕು. ಎರಡು, ಆಟ ಮುಗಿದು ಒಂದು ಗಂಟೆಯವರೆಗೆ ಗಾಡಿಗಳಿರುವವೆಂಬ ಭರವಸೆ ಇಲ್ಲದೆ ರಾತ್ರಿಯ ಪಂದ್ಯಕ್ಕೆ ಅನುಮತಿ ಕೊಡಬಾರದು. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಆಟವನ್ನು ಮಧ್ಯಾಹ್ನವೇ ಇಡಬೇಕು. ಮೂರು, ಜಾತ್ರೆಗೆ ಬಿಡುವಂತೆ ಜಿಲ್ಲಾ ಪಟ್ಟಣಗಳಿಗೆ ರಾತ್ರಿಯ ವಿಶೇಷ ಬಸ್ಸುಗಳನ್ನು ಕ್ರೀಡಾಂಗಣದ ಬಳಿಯಿಂದಲೇ ಬಿಡಬೇಕು. ಅವು ಗಡಿಯಾರ ನೋಡಿ ಹೊರಡದೆ ಕೊನೆಯ ಸೀಟಿ ಕೇಳಿ ಹೊರಡಬೇಕು. ನಾಲ್ಕು, ಸಾರ್ವಜನಿಕ ಸಾರಿಗೆಯ ದಾರಿಯೂ ಕಾಲುದಾರಿಯೂ ಸಿದ್ಧವಾಗದೆ ಯಾವ ಹೊಸ ಕ್ರೀಡಾಂಗಣವನ್ನೂ ತೆರೆಯಕೂಡದು. ಐದು, ಯಾವ ಬಾಗಿಲಿನಿಂದ ಹೊರಟು ಯಾವ ನಿಲ್ದಾಣಕ್ಕೆ ಹೋಗಬೇಕೆಂಬುದನ್ನು ಟಿಕೆಟ್ಟಿನ ಮೇಲೆ ಕನ್ನಡದಲ್ಲಿ ಅಚ್ಚುಹಾಕಿಸಬೇಕು. ಆ ದಾರಿಯಲ್ಲಿ ದೀಪ, ನೀರು, ಕಾವಲು ಇರಬೇಕು.

ಇವುಗಳಲ್ಲಿ ಆಕಾಶದ ಚಂದ್ರನನ್ನು ಕೇಳಿದ್ದು ಒಂದೂ ಇಲ್ಲ. ಎಲ್ಲವೂ ಎಲ್ಲೋ ಒಂದು ಕಡೆ ನಡೆದಿರುವುದೇ, ಅಥವಾ ನಮ್ಮ ಜಾತ್ರೆಗಳಲ್ಲಿ ನಾವೇ ಮಾಡುತ್ತಿರುವುದೇ. ಈ ಬೇಡಿಕೆಗಳನ್ನು ಬರೆದ ಮನವಿ ಪತ್ರವನ್ನು ನಮ್ಮ ಕಚೇರಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಪಾಳಿ ಬಿಟ್ಟವರು, ಅಂಗಡಿ ಮುಚ್ಚಿದವರು ಮನೆಗೆ ಹೋಗುವ ದಾರಿಯಲ್ಲಿ ಬಂದು ರುಜು ಹಾಕಿ ಹೋಗಬೇಕು. ತಿಂಗಳ ಕೊನೆಗೆ ಅದನ್ನು ಸಾರಿಗೆ ಸಚಿವರಿಗೂ ಕ್ರೀಡಾ ಇಲಾಖೆಗೂ ಒಪ್ಪಿಸುತ್ತೇವೆ. ಬಂದ ಉತ್ತರವನ್ನು, ಉತ್ತರ ಬಾರದಿದ್ದರೆ ಬಾರದ ಸಂಗತಿಯನ್ನು, ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.

ಮೊದಲ ರುಜು ಸ್ಪಿನ್ನಿಂಗ್ ಖಾತೆಯ ಆ ಗೆಳೆಯರದು. ಎರಡನೆಯದು ಅವರ ಮಗನದು. ಅಪ್ರಾಪ್ತ ವಯಸ್ಸಿನವನ ರುಜು ಕಾಯಿದೆಯ ಪ್ರಕಾರ ನಡೆಯದೆಂದು ನಮಗೆ ಗೊತ್ತು. ಆದರೂ ಹಾಕಿಸಿಕೊಂಡೆವು. ಕಳೆದುಹೋದ ಹತ್ತು ನಿಮಿಷ ಅವನದು.